ಅರ್ಧ ರ‍್ಯಾಂಕಿಗೆ ಏಳು ಸಾವಿರ: ನೈಟ್ ಪ್ರೆಸ್ಟೀಜ್ ಕ್ಲಾಸಿಗೆ ಅರ್ಹತೆ ಪಡೆಯುವುದು ಹೇಗೆ

ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಉರುಳಿಸುತ್ತಾ ಒಬ್ಬೊಬ್ಬರು ಒಂದೊಂದು ಪಾತ್ರ ಆಡುವ ಆಟ. ನಮ್ಮ ಆಟದ ಮೇಜು ನಿಜಕ್ಕೂ ಮೇಜಲ್ಲ. ಕೊಪ್ಪಳದಲ್ಲಿ ಒಂದು ಮನೆಯ ಮಹಡಿ, ಎರಡು ಚಾಪೆ. ಅದರ ಮೇಲೆ ಹಳೆಯ ಫ್ಲೆಕ್ಸ್ ಬ್ಯಾನರ್ ಮಗುಚಿ ಹಾಸುತ್ತೇವೆ. ಹಿಂಬದಿಯ ಬಿಳಿ ಜಾಗದಲ್ಲಿ ಮಾರ್ಕರ್‌ನಿಂದ ಒಂದೊಂದು ಇಂಚಿನ ಚೌಕ ಎಳೆದಿದ್ದೇವೆ. ಒಂದು ಚೌಕ ಅಂದರೆ ಆಟದಲ್ಲಿ ಐದು ಅಡಿ. ಮುಂಬದಿಯಲ್ಲಿ ಯಾರದೋ ಹುಟ್ಟುಹಬ್ಬದ ಶುಭಾಶಯ ಇನ್ನೂ ಇದೆ.

ಆ ಚಾಪೆಯ ಮೇಲೆ ಒಂದು ಭಾನುವಾರ ನಮ್ಮ ಗೆಳೆಯನೊಬ್ಬ ತನ್ನ ಪಾತ್ರವಾದ ಫೈಟರ್‌ನನ್ನು ಬ್ಲ್ಯಾಕ್‌ಗಾರ್ಡ್ ಮಾಡಲು ಬಂದ. ಕ್ಲಾಸ್ ಅಂದರೆ ಪಾತ್ರದ ಕಸುಬು, ಪ್ರೆಸ್ಟೀಜ್ ಕ್ಲಾಸ್ ಅಂದರೆ ಷರತ್ತು ಪೂರೈಸಿದವರಿಗೆ ಮಾತ್ರ ಸಿಗುವ ವಿಶೇಷ ಕಸುಬು. ಬ್ಲ್ಯಾಕ್‌ಗಾರ್ಡ್ ಅಂದರೆ ಕೆಟ್ಟ ದಾರಿ ಹಿಡಿದ ನೈಟ್, ಧರ್ಮಯೋಧನಾದ ಪಲಾಡಿನ್‌ಗೆ ತದ್ವಿರುದ್ಧ. ಬೇಕಾದ ಫೀಟ್, ಅಂದರೆ ವಿಶೇಷ ಪಟ್ಟುಗಳು, ಮೂರೂ ಇದ್ದವು. ಅಟ್ಯಾಕ್ ಬೋನಸ್, ಅಂದರೆ ಏಟು ಹಾಕುವಾಗ ದಾಳಕ್ಕೆ ಕೂಡಿಸುವ ಸಂಖ್ಯೆ, +6 ಇತ್ತು. ರಾಕ್ಷಸನ ಜೊತೆ ಮಾತುಕತೆ ಹಿಂದಿನ ವಾರವೇ ಮುಗಿದಿತ್ತು. ನಾನು ಪಾತ್ರದ ವಿವರ ಬರೆದ ಶೀಟ್ ಇಸಿದುಕೊಂಡು ಹೈಡ್, ಅಂದರೆ ಅಡಗುವ ಸ್ಕಿಲ್, ಅನ್ನೋ ಸಾಲಿನ ಮೇಲೆ ಬೆರಳಿಟ್ಟೆ. ಅಲ್ಲಿ ನಾಲ್ಕೂವರೆ ರ‍್ಯಾಂಕ್ ಇತ್ತು. ಬೇಕಾದದ್ದು ಐದು.

"ಅಣ್ಣ, ಅರ್ಧ ತಾನೇ ಕಡಿಮಿ ಐತಿ, ಬಿಡು ಅತ್ಲಾಗ," ಅಂದ.

ಬಿಡಲಿಲ್ಲ. 21,000 ಅನುಭವದ ಅಂಕಕ್ಕೆ, 7ನೇ ಲೆವೆಲ್‌ನಲ್ಲಿ ಸಿಗಬೇಕಿದ್ದ ಕ್ಲಾಸ್ ಅವನಿಗೆ 28,000ಕ್ಕೆ, 8ನೇ ಲೆವೆಲ್‌ನಲ್ಲಿ ಸಿಕ್ಕಿತು. ಅರ್ಧ ರ‍್ಯಾಂಕಿಗೆ ಏಳು ಸಾವಿರ ಅಂಕ. ಎರಡು ವಾರಕ್ಕೊಮ್ಮೆ ಸೇರುವ ನಮಗೆ, ನಡುವೆ ಗವಿಮಠದ ಜಾತ್ರೆಯೂ ಬಂದು, ಅದು ಮೂರು ತಿಂಗಳ ಕಾಯುವಿಕೆ ಆಯಿತು. ತಪ್ಪು ಅವನೊಬ್ಬನದಲ್ಲ. ಮೊದಲ ದಿನವೇ ಲೆಕ್ಕ ಹೇಳಿಕೊಡಬೇಕಿದ್ದ ಡಿ.ಎಂ., ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್, ನಾನೇ.

ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಆಟದ ಮಾತು ಇದು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 3.5 ಆವೃತ್ತಿ. 2003ರಲ್ಲಿ ಬಂದದ್ದು. ಅದರ ಮೂಲ ನಿಯಮಗಳು ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮಂಥ ಊರಲ್ಲಿ ಆಟ ಬೇರೂರಲು ಅದೂ ಒಂದು ಕಾರಣ. 2014ರ 5ನೇ ಆವೃತ್ತಿ ಆಡುವವರಿಗೆ ಈ ತಲೆನೋವು ಇಲ್ಲ. ಅಲ್ಲಿ ಎಲ್ಡ್ರಿಚ್ ನೈಟ್ ಅನ್ನೋದು ಫೈಟರ್‌ನ ಒಂದು ಕವಲು, 3ನೇ ಲೆವೆಲ್‌ಗೆ ಆರಿಸಿಕೊಂಡರೆ ಮುಗಿಯಿತು. 3.5ರಲ್ಲಿ ಹಾಗಲ್ಲ. ಪ್ರೆಸ್ಟೀಜ್ ಕ್ಲಾಸನ್ನು 1ನೇ ಲೆವೆಲ್‌ನಲ್ಲಿ ತಗೊಳ್ಳಲು ಆಗುವುದಿಲ್ಲ. ಷರತ್ತುಗಳೆಲ್ಲ ಪೂರೈಸಿದ ಮೇಲೆಯೇ ಬಾಗಿಲು ತೆರೆಯುತ್ತದೆ. ನನಗೆ ಇದೇ ಇಷ್ಟ. ಕಾದು ಪಡೆದ ಪಟ್ಟಕ್ಕೆ ಬೆಲೆ ಜಾಸ್ತಿ ಅಲ್ವಾ?

ಮೊದಲು ಷರತ್ತುಗಳನ್ನು ಒಂದು ಚೀಟಿಗೆ ಇಳಿಸಿ

ಕ್ಯಾರೆಕ್ಟರ್ ಮಾಡುವ ಮುಂಚೆಯೇ ಈ ಚೀಟಿ ಸಿದ್ಧವಿರಬೇಕು. ಶೀಟಿನ ಹಿಂದೆ ಬರೆದರೂ ಆದೀತು. ಬ್ಲ್ಯಾಕ್‌ಗಾರ್ಡ್‌ನ ಚೀಟಿ ಹೀಗಿರುತ್ತದೆ: ಅಲೈನ್‌ಮೆಂಟ್ (ಪಾತ್ರದ ನಡತೆಯ ಒಲವು) ಯಾವುದಾದರೂ ಇವಿಲ್, ಅಂದರೆ ದುಷ್ಟ. ಬೇಸ್ ಅಟ್ಯಾಕ್ ಬೋನಸ್ +6. ಹೈಡ್ 5 ರ‍್ಯಾಂಕ್, ನಾಲೆಡ್ಜ್ ರಿಲಿಜನ್ 2 ರ‍್ಯಾಂಕ್. ಕ್ಲೀವ್ ಮತ್ತು ಇಂಪ್ರೂವ್ಡ್ ಸಂಡರ್ ಫೀಟ್‌ಗಳು. ಕೊನೆಗೆ, ಯಾರಾದರೂ ಕರೆಸಿದ ಒಬ್ಬ ದುಷ್ಟ ಔಟ್‌ಸೈಡರ್ (ಬೇರೆ ಲೋಕದ ಜೀವಿ) ಜೊತೆ ಜಗಳವಿಲ್ಲದೆ ಸಂಪರ್ಕ ಆಗಿರಬೇಕು.

ಚೀಟಿಯಲ್ಲಿ ಕಾಣದ ಷರತ್ತುಗಳೂ ಇರುತ್ತವೆ, ಅವನ್ನೂ ಬರೆದುಕೊಳ್ಳಿ. ಕ್ಲೀವ್ ಮತ್ತು ಇಂಪ್ರೂವ್ಡ್ ಸಂಡರ್ ಎರಡಕ್ಕೂ ಮೊದಲು ಪವರ್ ಅಟ್ಯಾಕ್ ಬೇಕು. ಪವರ್ ಅಟ್ಯಾಕ್‌ಗೆ ಸ್ಟ್ರೆಂತ್ 13 ಬೇಕು. ಅಂದರೆ ಎರಡು ಅಂತ ಕಂಡದ್ದು ನಿಜಕ್ಕೆ ಮೂರು ಫೀಟ್.

ಇನ್ನೊಂದು ಮಾತು. ಷರತ್ತುಗಳು ಆ ಕ್ಲಾಸಿನ ಮೊದಲ ಲೆವೆಲ್ ತಗೊಳ್ಳುವ *ಮುಂಚೆ* ಪೂರ್ತಿಯಾಗಿರಬೇಕು. 7ನೇ ಲೆವೆಲ್‌ಗೆ ಏರುವಾಗ ಸಿಗುವ ಸ್ಕಿಲ್ ಪಾಯಿಂಟ್ ಹಾಕಿ, ಅದೇ 7ನೇ ಲೆವೆಲ್ಲನ್ನೇ ಬ್ಲ್ಯಾಕ್‌ಗಾರ್ಡ್ ಮಾಡಲು ಬರುವುದಿಲ್ಲ. ಕ್ಲಾಸ್ ಆರಿಸುವುದು ಮೊದಲು, ಪಾಯಿಂಟ್ ಹಂಚುವುದು ಆಮೇಲೆ. ನಮ್ಮ ಗೆಳೆಯ ಎಡವಿದ್ದು ಇಲ್ಲೇ.

ಪ್ರತಿ ಷರತ್ತಿನ ಪಕ್ಕ ಒಂದು ಲೆವೆಲ್ ಬರೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ಹೊಸಬರು ಬಿಡುವುದೂ ಇದನ್ನೇ.

ಅಟ್ಯಾಕ್ ಬೋನಸ್ ಲೆಕ್ಕ ಸುಲಭ. ಫೈಟರ್, ಪಲಾಡಿನ್, ರೇಂಜರ್, ಬಾರ್ಬೇರಿಯನ್ ಇವರಿಗೆ ಲೆವೆಲ್‌ಗೆ ಒಂದು. ಕ್ಲೆರಿಕ್ (ಪೂಜಾರಿ), ರೋಗ್ (ಕಳ್ಳ) ಅಂಥವರಿಗೆ ಮುಕ್ಕಾಲು. ಮಂತ್ರ ಹಾಕುವ ವಿಜರ್ಡ್, ಸಾರ್ಸರರ್‌ಗೆ ಅರ್ಧ. ಚಿಲ್ಲರೆ ಉಳಿದರೆ ಹೋಯಿತು. ರೋಗ್ 1, ಕ್ಲೆರಿಕ್ 1, ವಿಜರ್ಡ್ 1 ಸೇರಿಸಿದರೆ ಮೂರು ಲೆವೆಲ್ ಆಯಿತು, ಬೋನಸ್ ಮಾತ್ರ ಸೊನ್ನೆ.

ಫೀಟ್‌ಗಳು ಎಲ್ಲರಿಗೂ 1, 3, 6, 9 ಹೀಗೆ ಸಿಗುತ್ತವೆ. ಮನುಷ್ಯ ಜಾತಿಗೆ ಮೊದಲ ದಿನವೇ ಒಂದು ಹೆಚ್ಚು. ಫೈಟರ್‌ಗೆ 1, 2, 4, 6 ಹೀಗೆ ಬೋನಸ್ ಫೀಟ್ ಬೇರೆ. ಆದ್ದರಿಂದ ಫೈಟರ್ ಆದವನಿಗೆ ಫೀಟ್ ಯಾವತ್ತೂ ಸಮಸ್ಯೆ ಅಲ್ಲ. ಎಲ್ಲರೂ ಚಿಂತೆ ಮಾಡುವುದು ಮಾತ್ರ ಅದನ್ನೇ.

ಸಿಕ್ಕಿಕೊಳ್ಳುವುದು ಸ್ಕಿಲ್‌ನಲ್ಲಿ. ನಿಮ್ಮ ಕ್ಲಾಸಿನ ಸ್ಕಿಲ್ ಆದರೆ ಲೆವೆಲ್‌ಗೆ 3 ಕೂಡಿಸಿದಷ್ಟು ರ‍್ಯಾಂಕ್ ಇಡಬಹುದು, ರ‍್ಯಾಂಕಿಗೆ ಒಂದು ಪಾಯಿಂಟ್. ಕ್ಲಾಸಿನದಲ್ಲದ ಸ್ಕಿಲ್ ಆದರೆ ಅದರಲ್ಲಿ ಅರ್ಧ ಮಾತ್ರ, ರ‍್ಯಾಂಕಿಗೆ ಎರಡು ಪಾಯಿಂಟ್. ಇದನ್ನು ತಿರುಗಿಸಿದರೆ ಒಂದು ಕಿರುದಾರಿ ಸಿಗುತ್ತದೆ. ಕ್ಲಾಸಿನ ಸ್ಕಿಲ್ ಆದರೆ, ಬೇಕಾದ ರ‍್ಯಾಂಕಿನಿಂದ 3 ಕಳೆಯಿರಿ. ಅಲ್ಲದಿದ್ದರೆ ರ‍್ಯಾಂಕನ್ನು ದುಪ್ಪಟ್ಟು ಮಾಡಿ 3 ಕಳೆಯಿರಿ. ಬಂದ ಸಂಖ್ಯೆಯೇ ಆ ಷರತ್ತು ಪೂರೈಸಬಹುದಾದ ಮೊದಲ ಲೆವೆಲ್.

ಫೈಟರ್‌ಗೆ ಹೈಡ್ ಕ್ಲಾಸಿನ ಸ್ಕಿಲ್ ಅಲ್ಲ. ಐದರ ದುಪ್ಪಟ್ಟು ಹತ್ತು, ಮೂರು ಕಳೆದರೆ ಏಳು. ಅಟ್ಯಾಕ್ ಬೋನಸ್ 6ಕ್ಕೇ ಸಿಕ್ಕರೂ ಹೈಡ್ 7ಕ್ಕೆ ಮುಗಿಯುತ್ತದೆ. ಹಾಗಾಗಿ ಪ್ರವೇಶ 8ಕ್ಕೆ. ಚೀಟಿಯಲ್ಲಿ ಪ್ರತಿ ಷರತ್ತಿನ ಮುಂದೆ ಹೀಗೆ ಸಂಖ್ಯೆ ಬರೆದು, ದೊಡ್ಡದಕ್ಕೆ ಗೋಲ ಹಾಕಿ. ಆ ಒಂದನ್ನು ಇಳಿಸುವುದೇ ಮುಂದಿನ ಕೆಲಸ. ಉಳಿದದ್ದರ ಕಡೆ ನೋಡಲೇಬೇಡಿ.

ಗೋಲ ಹಾಕಿದ್ದನ್ನು ಇಳಿಸುವುದು

ಹೈಡ್ ಯಾರ ಕ್ಲಾಸಿನ ಸ್ಕಿಲ್? ರೋಗ್ ಅಂತ ಎಲ್ಲರ ಬಾಯಲ್ಲೂ ಬರುತ್ತದೆ. ಆದರೆ ರೋಗ್‌ನ ಮೊದಲ ಲೆವೆಲ್‌ಗೆ ಅಟ್ಯಾಕ್ ಬೋನಸ್ ಸೊನ್ನೆ. ರೋಗ್ 1 ಜೊತೆ ಫೈಟರ್ 6 ಆದಾಗಲೇ +6. ಅಂದರೆ ಪ್ರವೇಶ ಮತ್ತೆ 8ಕ್ಕೇ. ಸುಮ್ನೆ ಸುತ್ತು ಬಳಸಿದಂತಾಯಿತು.

ಸರಿಯಾದ ಉತ್ತರ ರೇಂಜರ್. ಹೈಡ್ ಅವನ ಕ್ಲಾಸಿನ ಸ್ಕಿಲ್, ಅಟ್ಯಾಕ್ ಬೋನಸ್ಸೂ ಲೆವೆಲ್‌ಗೆ ಒಂದು. ಮನುಷ್ಯ, ಇಂಟೆಲಿಜೆನ್ಸ್ 10 ಅಂತ ಇಟ್ಟುಕೊಳ್ಳಿ. ರೇಂಜರ್‌ಗೆ ಲೆವೆಲ್‌ಗೆ 6 ಪಾಯಿಂಟ್, ಮನುಷ್ಯನಿಗೆ ಒಂದು ಹೆಚ್ಚು, ಒಟ್ಟು 7. ಮೊದಲ ಲೆವೆಲ್‌ಗೆ ನಾಲ್ಕು ಪಟ್ಟು, ಅಂದರೆ 28. ಅದರಲ್ಲಿ ಹೈಡ್‌ಗೆ 4 ಹಾಕಿ, ನಾಲ್ಕು ರ‍್ಯಾಂಕ್ ಬಂತು. ರಿಲಿಜನ್ ರೇಂಜರ್‌ನ ಸ್ಕಿಲ್ ಅಲ್ಲ, ಆದರೂ 1ನೇ ಲೆವೆಲ್‌ಗೇ ಎರಡು ರ‍್ಯಾಂಕ್ ಇಡಬಹುದು, ನಾಲ್ಕು ಪಾಯಿಂಟ್ ಆಯಿತು. ಇನ್ನೂ 20 ಪಾಯಿಂಟ್ ಕೈಯಲ್ಲಿ. ಮೊದಲ ದಿನದ ಎರಡು ಫೀಟ್‌ಗೆ ಪವರ್ ಅಟ್ಯಾಕ್, ಕ್ಲೀವ್.

2ನೇ ಲೆವೆಲ್‌ಗೆ ಫೈಟರ್ ಆಗಿ. ಈಗ ಮೂರೇ ಪಾಯಿಂಟ್ ಸಿಗುತ್ತದೆ, ಅದರಲ್ಲಿ ಎರಡು ಕೊಟ್ಟು ಹೈಡ್‌ನ ಐದನೇ ರ‍್ಯಾಂಕ್ ಕೊಳ್ಳಿ. ಒಂದು ಕ್ಲಾಸಿಗೆ ಅದು ಸೇರಿದ್ದರೆ ಸಾಕು, ಗರಿಷ್ಠ ಮಿತಿ ಪೂರ್ತಿ ಸಿಗುತ್ತದೆ. ಫೈಟರ್‌ನ ಬೋನಸ್ ಫೀಟ್‌ಗೆ ಇಂಪ್ರೂವ್ಡ್ ಸಂಡರ್. ನೋಡಿ, ಎರಡನೇ ಲೆವೆಲ್ ಮುಗಿಯುವಷ್ಟರಲ್ಲಿ ಲೆಕ್ಕದ ಷರತ್ತುಗಳಲ್ಲಿ ಉಳಿದದ್ದು ಅಟ್ಯಾಕ್ ಬೋನಸ್ ಒಂದೇ. ರೇಂಜರ್ 1, ಫೈಟರ್ 5 ಆದ ಕೂಡಲೇ ಅದೂ +6. ಪ್ರವೇಶ 7ಕ್ಕೆ.

ಇದರ ವಿರುದ್ಧದ ತುದಿಯನ್ನೂ ನಾವು ನೋಡಿದ್ದೇವೆ. ಇಂಟೆಲಿಜೆನ್ಸ್ 8 ಇರುವ ಹಾಫ್-ಆರ್ಕ್ ಫೈಟರ್. ಅವನಿಗೆ ಲೆವೆಲ್‌ಗೆ ಒಂದೇ ಪಾಯಿಂಟ್. ಹೈಡ್‌ಗೆ 10, ರಿಲಿಜನ್‌ಗೆ 4, ಒಟ್ಟು 14 ಬೇಕು. ಮೊದಲ ದಿನ 4, ಆಮೇಲೆ ಒಂದೊಂದಾಗಿ ಸೇರಿಸುತ್ತಾ ಹೋದರೆ 14 ಆಗುವುದು 11ನೇ ಲೆವೆಲ್‌ಗೆ. ಪ್ರವೇಶ 12ಕ್ಕೆ, ಅಂದರೆ 66,000 ಅಂಕ. ಆ ಕ್ಯಾರೆಕ್ಟರ್ 9ರಲ್ಲೇ ಸತ್ತ. ಮಿತಿ ನೋಡಿದರೆ ಸಾಲದು, ಪಾಯಿಂಟ್ ಸಾಲುತ್ತದಾ ಅಂತಲೂ ನೋಡಬೇಕು.

ಕತ್ತಿಯೂ ಮಂತ್ರವೂ: ಎಲ್ಡ್ರಿಚ್ ನೈಟ್

ಇದರ ಚೀಟಿ ತುಂಬ ಚಿಕ್ಕದು. ಎಲ್ಲ ಮಾರ್ಷಿಯಲ್, ಅಂದರೆ ಯುದ್ಧದ, ಆಯುಧಗಳ ಬಳಕೆ ಗೊತ್ತಿರಬೇಕು. 3ನೇ ಹಂತದ ಆರ್ಕೇನ್ ಮಂತ್ರ (ವಿಜರ್ಡ್, ಸಾರ್ಸರರ್ ಹಾಕುವಂಥದ್ದು) ಹಾಕಲು ಬರಬೇಕು. ಅಷ್ಟೇ.

ಚಿಕ್ಕ ಚೀಟಿ ಅಂತ ಮೋಸ ಹೋಗಬೇಡಿ. "ಎಲ್ಲ" ಅನ್ನೋ ಪದ ನೋಡಿ. ಎಲ್ಫ್‌ಗೆ ಹುಟ್ಟಿನಿಂದ ಲಾಂಗ್‌ಸೋರ್ಡ್, ರೇಪಿಯರ್, ಬಿಲ್ಲು ಬರುತ್ತವೆ. ಅದು ಸಾಲುವುದಿಲ್ಲ. ಫೈಟರ್, ಪಲಾಡಿನ್, ರೇಂಜರ್, ಬಾರ್ಬೇರಿಯನ್ ಇವುಗಳಲ್ಲಿ ಒಂದು ಲೆವೆಲ್ ತಗೊಂಡರೆ ಒಂದೇ ಏಟಿಗೆ ಮುಗಿಯುತ್ತದೆ.

ದಾರಿ ಹೀಗೆ: ಫೈಟರ್ 1, ವಿಜರ್ಡ್ 5, ಆಮೇಲೆ 7ನೇ ಲೆವೆಲ್‌ಗೆ ಎಲ್ಡ್ರಿಚ್ ನೈಟ್. ಫೈಟರ್ ಮೊದಲಿಗೇ ಇರಲಿ. ಮೊದಲ ಲೆವೆಲ್‌ಗೆ ಹಿಟ್ ಪಾಯಿಂಟ್ (ಪ್ರಾಣದ ಅಂಕ) ಪೂರ್ತಿ ಸಿಗುತ್ತದೆ, ವಿಜರ್ಡ್‌ನ 4 ಬದಲು ಫೈಟರ್‌ನ 10. ಸಾರ್ಸರರ್ ಆದರೆ 3ನೇ ಹಂತದ ಮಂತ್ರ 6ನೇ ಲೆವೆಲ್‌ಗೆ ಬರುತ್ತದೆ, ಹಾಗಾಗಿ ಒಂದು ಲೆವೆಲ್ ತಡ.

ಕ್ಲಾಸಿನ ಮೊದಲ ಲೆವೆಲ್‌ಗೆ ಒಂದು ಬೋನಸ್ ಫೀಟ್ ಸಿಗುತ್ತದೆ, ಮಂತ್ರಶಕ್ತಿ ಏರುವುದಿಲ್ಲ. ಉಳಿದ ಒಂಬತ್ತರಲ್ಲೂ ಏರುತ್ತದೆ. ಹಾಗಾಗಿ 7ನೇ ಲೆವೆಲ್‌ನಲ್ಲಿ ನಿಮ್ಮ ಪಕ್ಕದಲ್ಲಿ ಕೂತ ಶುದ್ಧ ವಿಜರ್ಡ್ 4ನೇ ಹಂತದ ಮಂತ್ರ ಹಾಕುತ್ತಿರುತ್ತಾನೆ, ನೀವು ಇನ್ನೂ 3ರಲ್ಲೇ ಇರುತ್ತೀರಿ. ಹೊಟ್ಟೆ ಉರಿಯುತ್ತದೆ. ತಾಳಿಕೊಳ್ಳಿ. 16ನೇ ಲೆವೆಲ್‌ಗೆ ಅಟ್ಯಾಕ್ ಬೋನಸ್ +13, ಮಂತ್ರದ ಲೆವೆಲ್ 14. ಮಿಕ್ಕ ನಾಲ್ಕನ್ನೂ ವಿಜರ್ಡ್‌ಗೆ ಕೊಟ್ಟರೆ 20ಕ್ಕೆ +15 ಮತ್ತು 18, 9ನೇ ಹಂತದ ಮಂತ್ರವೂ ಕೈಗೆ ಬಂದಿರುತ್ತದೆ.

ನೈಟ್ ಅಂದ ಕೂಡಲೇ ಎಲ್ಲರೂ ಫುಲ್ ಪ್ಲೇಟ್ ಕವಚ ಬರೆದುಕೊಳ್ಳುತ್ತಾರೆ. ಅದನ್ನು ತೊಟ್ಟು ಮಂತ್ರ ಹಾಕಿದರೆ 35 ಶೇಕಡಾ ಸಲ ಮಂತ್ರ ಹಾಳು. ಚೈನ್ ಶರ್ಟ್‌ನಲ್ಲಿ 20, ಮಿಥ್ರಲ್ ಚೈನ್ ಶರ್ಟ್‌ನಲ್ಲಿ 10. ನಮ್ಮಲ್ಲಿ ಒಬ್ಬ ಹತ್ತೇ ಶೇಕಡಾ ಅಲ್ವಾ ಅಂತ ಮಿಥ್ರಲ್ ತೊಟ್ಟು, ಒಂದೇ ಸಂಜೆ ಎರಡು ಫೈರ್‌ಬಾಲ್ ಕಳಕೊಂಡ. ದಾಳಕ್ಕೆ ಶೇಕಡಾವಾರು ತಿಳಿಯುವುದಿಲ್ಲ.

ಪಾತ್ರದ ಜಾತಿಯನ್ನೂ, ಅಂದರೆ ಮನುಷ್ಯನೋ ಎಲ್ಫೋ ಅನ್ನೋದನ್ನೂ ನೋಡಿ. 3.5ರಲ್ಲಿ ಎರಡು ಕ್ಲಾಸುಗಳ ನಡುವೆ ಒಂದು ಲೆವೆಲ್‌ಗಿಂತ ಹೆಚ್ಚು ಅಂತರ ಇದ್ದರೆ ಅನುಭವದ ಅಂಕದಲ್ಲಿ 20 ಶೇಕಡಾ ಕಡಿತ. ಜಾತಿಯ ಮೆಚ್ಚಿನ ಕ್ಲಾಸ್ ಈ ಲೆಕ್ಕಕ್ಕಿಲ್ಲ, ಪ್ರೆಸ್ಟೀಜ್ ಕ್ಲಾಸೂ ಇಲ್ಲ. ಮನುಷ್ಯ, ಎಲ್ಫ್ ಆದರೆ ಫೈಟರ್ 1, ವಿಜರ್ಡ್ 5ಕ್ಕೆ ಏನೂ ತೊಂದರೆ ಇಲ್ಲ. ಹಾಫ್ಲಿಂಗ್‌ಗೆ (ಕುಳ್ಳರ ಜಾತಿ) ಮೆಚ್ಚಿನದು ರೋಗ್, ಅವನಿಗೆ ಕಡಿತ ಬೀಳುತ್ತದೆ.

ಕುದುರೆ ಏರುವ ನೈಟ್, ಅಂದರೆ ರಾವುತ

ನಿಜ ಹೇಳಬೇಕೆಂದರೆ ನಮಗೆ ನೈಟ್ ಅನ್ನೋ ಪದ ಹೊಸದು, ಆಸಾಮಿ ಹಳಬ. ಕುದುರೆ ಸವಾರನಿಗೆ ಕನ್ನಡದಲ್ಲಿ ರಾವುತ ಅನ್ನೋ ಪದ ಯಾವತ್ತಿನಿಂದಲೂ ಇದೆ. ಆನೆಗೊಂದಿಯಿಂದ ಹೊಳೆ ದಾಟಿ ಹಂಪಿಗೆ ಹೋದರೆ ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಕುದುರೆಗಳ ಸಾಲೇ ಇದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗಾಗಿ ಆದಿಲ್‌ಶಾಹಿಯ ಜೊತೆ ಕಾದಾಡಿದ್ದು ಎರಡು ಹೊಳೆಗಳ ನಡುವಿನ ಇದೇ ದೋಆಬ್‌ನಲ್ಲಿ. ಹಾಗಾಗಿ ನಾವು ನಮ್ಮದೇ ಪ್ರೆಸ್ಟೀಜ್ ಕ್ಲಾಸ್ ಮಾಡಿಕೊಂಡೆವು, ಹೆಸರು ರಾವುತ. ಡಿ.ಎಂ. ತನ್ನ ಲೋಕಕ್ಕೆ ತಕ್ಕ ಕ್ಲಾಸ್ ಮಾಡಿಕೊಳ್ಳಲಿ ಅಂತ ನಿಯಮವೇ ಹೇಳುತ್ತದೆ.

ಷರತ್ತುಗಳು: ಅಟ್ಯಾಕ್ ಬೋನಸ್ +5. ರೈಡ್ 8, ಹ್ಯಾಂಡಲ್ ಅನಿಮಲ್ 4, ರಾಜಮನೆತನದ ನಾಲೆಡ್ಜ್ 2. ಮೌಂಟೆಡ್ ಕಾಂಬ್ಯಾಟ್, ರೈಡ್-ಬೈ ಅಟ್ಯಾಕ್ ಫೀಟ್. ಜೊತೆಗೆ ಒಂದು ಪ್ರತಿಜ್ಞೆ.

ಸಂಖ್ಯೆಗಳನ್ನು ಹೇಗೆ ಆರಿಸಿದೆವು ಅಂತ ಹೇಳುತ್ತೇನೆ, ನೀವೂ ಮಾಡಿಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ. 6ನೇ ಲೆವೆಲ್‌ಗೆ ಪ್ರವೇಶ ಬೇಕು ಅಂತ ಮೊದಲು ತೀರ್ಮಾನಿಸಿದೆವು. ಹಾಗಾದರೆ 5ಕ್ಕೆ ಎಲ್ಲ ಮುಗಿಯಬೇಕು. ಅಟ್ಯಾಕ್ +5 ಸರಿ. ರೈಡ್ 8ರಿಂದ 3 ಕಳೆದರೆ 5, ಅದೂ ಸರಿ. ಒಂಬತ್ತು ಅಂತ ಬರೆದಿದ್ದರೆ ಇಡೀ ಕ್ಲಾಸ್ ಒಂದು ಲೆವೆಲ್ ಮುಂದಕ್ಕೆ ಹೋಗುತ್ತಿತ್ತು. ಇಂಟೆಲಿಜೆನ್ಸ್ 10ರ ಮನುಷ್ಯ ಫೈಟರ್‌ಗೆ 5ನೇ ಲೆವೆಲ್‌ವರೆಗೆ 24 ಪಾಯಿಂಟ್ ಸಿಗುತ್ತದೆ. ಬೇಕಾದದ್ದು 8, 4, ಮತ್ತು ಕ್ಲಾಸಿನದಲ್ಲದ ನಾಲೆಡ್ಜ್‌ಗೆ 4, ಒಟ್ಟು 16. ಉಸಿರಾಡಲು ಜಾಗ ಇದೆ.

ಪಲಾಡಿನ್ ಈ ದಾರಿ ಹಿಡಿಯುವುದಾದರೆ ಯೋಚಿಸಿ. 5ನೇ ಲೆವೆಲ್‌ಗೆ ಅವನಿಗೆ ದೈವದತ್ತ ಕುದುರೆ ಸಿಗುತ್ತದೆ, ರಾವುತನಿಗೆ ಹೇಳಿ ಮಾಡಿಸಿದ್ದು. ಆದರೆ ಬೇರೆ ಕ್ಲಾಸಿಗೆ ಒಮ್ಮೆ ಕಾಲಿಟ್ಟ ಪಲಾಡಿನ್ ಮತ್ತೆ ಪಲಾಡಿನ್ ಲೆವೆಲ್ ತಗೊಳ್ಳುವಂತಿಲ್ಲ. ಇದ್ದ ಶಕ್ತಿ ಉಳಿಯುತ್ತದೆ, ಬೆಳೆಯುವುದಿಲ್ಲ. ಕುದುರೆಯೂ ಅಲ್ಲೇ ನಿಲ್ಲುತ್ತದೆ.

ಇನ್ನು ಚಾಪೆಯ ಮೇಲಿನ ಸಂಗತಿ. ಕುದುರೆ ಲಾರ್ಜ್ ಗಾತ್ರದ್ದು, ಎರಡು ಚೌಕ ಅಗಲ, ಎರಡು ಚೌಕ ಉದ್ದ. ನಮ್ಮ ಆಟದ ಕುದುರೆ ಕಿನ್ನಾಳದ್ದು. ಹಗುರ ಮರದ ಮೇಲೆ ಕೆಂಪು, ಹಳದಿ ಬಣ್ಣ ಬಳಿದ ಪುಟ್ಟ ಗೊಂಬೆ. ಫ್ಲೆಕ್ಸ್ ಮೇಲೆ ಇಟ್ಟರೆ ಸರಿಯಾಗಿ ನಾಲ್ಕು ಚೌಕ ಮುಚ್ಚುತ್ತದೆ, ಅಳತೆ ಕೊಟ್ಟು ಮಾಡಿಸಿದಂತೆ. ಅದನ್ನು ಮೊದಲ ಸಲ ಇಟ್ಟಾಗಲೇ ಗೊತ್ತಾಯಿತು, ಐದು ಅಡಿಯ ಸುರಂಗಕ್ಕೆ ಇದು ಒಂದು ಹೆಜ್ಜೆಯೂ ಸಲೀಸಾಗಿ ಹೋಗುವುದಿಲ್ಲ ಅಂತ. ಚಾರ್ಜ್ ಮಾಡಲು ಕನಿಷ್ಠ ಹತ್ತು ಅಡಿ, ನೇರ ದಾರಿ ಬೇಕು, ನಡುವೆ ಏನೂ ಅಡ್ಡ ಇರಬಾರದು. ನಿಮ್ಮ ಡಿ.ಎಂ. ಬರೀ ಗುಹೆ, ನೆಲಮಾಳಿಗೆ ಆಡಿಸುವವರಾದರೆ ರಾವುತನಾಗುವ ಮುಂಚೆ ಅವರನ್ನು ಕೇಳಿಬಿಡಿ. ಒಂದು ಉಪಾಯ ಇದೆ. ಹಾಫ್ಲಿಂಗ್ ಆಗಿ ಸವಾರಿ ನಾಯಿ ಏರಿ. ನಾಯಿ ಮೀಡಿಯಂ ಗಾತ್ರ, ಒಂದೇ ಚೌಕ. ನಗುವವರು ನಗಲಿ.

ಬಯಲಿನಲ್ಲಿ ಮಾತ್ರ ರಾವುತನನ್ನು ಹಿಡಿಯುವವರಿಲ್ಲ. ರೈಡ್-ಬೈ ಅಟ್ಯಾಕ್ ಆದ ಮೇಲೆ ಸ್ಪಿರಿಟೆಡ್ ಚಾರ್ಜ್ ತಗೊಂಡು, ಹತ್ತು ಚಿನ್ನದ ನಾಣ್ಯದ ಲ್ಯಾನ್ಸ್ ಹಿಡಿದು ನುಗ್ಗಿದರೆ ಪೆಟ್ಟು ಮೂರು ಪಟ್ಟು. ಭಾರೀ ಯುದ್ಧದ ಕುದುರೆಗೆ 400 ನಾಣ್ಯ. ಅದಕ್ಕೆ ಸರಾಸರಿ 30 ಹಿಟ್ ಪಾಯಿಂಟ್ ಮಾತ್ರ, ಎರಡು ಫೈರ್‌ಬಾಲ್ ಬಿದ್ದರೆ ನೀವು ಕಾಲ್ನಡಿಗೆ. ಮೌಂಟೆಡ್ ಕಾಂಬ್ಯಾಟ್ ಸುತ್ತಿಗೆ ಒಂದು ಏಟನ್ನು ರೈಡ್ ಚೆಕ್‌ನಿಂದ ತಪ್ಪಿಸುತ್ತದೆ, ಬೆಂಕಿಯನ್ನಲ್ಲ.

ಕಥೆಯ ಷರತ್ತು

ಲೆಕ್ಕ ಮುಗಿದರೂ ಕೊನೆಯ ಸಾಲು ಉಳಿಯುತ್ತದೆ. ಇದನ್ನು ಡಿ.ಎಂ. ಹತ್ತಿರ ಎರಡು ಲೆವೆಲ್ ಮುಂಚೆಯೇ ಹೇಳಿಡಿ. ಪ್ರವೇಶದ ಹಿಂದಿನ ದಿನ ಹೇಳಿದರೆ ಅವರು ಆ ದೃಶ್ಯವನ್ನು ಎಲ್ಲಿ ತುರುಕಬೇಕು?

ಬ್ಲ್ಯಾಕ್‌ಗಾರ್ಡ್‌ಗೆ ಬೇಕಾದದ್ದು ದುಷ್ಟ *ಔಟ್‌ಸೈಡರ್*. ಸಮ್ಮನ್ ಮಂತ್ರದಿಂದ ಬರುವ ಫೀಂಡಿಶ್ (ರಾಕ್ಷಸ ಅಂಶದ) ತೋಳ ಲೆಕ್ಕಕ್ಕಿಲ್ಲ. 3.5ರಲ್ಲಿ ಅದು ಮ್ಯಾಜಿಕಲ್ ಬೀಸ್ಟ್. ಲೆಮ್ಯೂರ್ ಅನ್ನೋ ನರಕದ ಜೀವಿ ಔಟ್‌ಸೈಡರ್ ಹೌದು, ಆದರೆ ಅದಕ್ಕೆ ಬುದ್ಧಿಯೇ ಇಲ್ಲ, ಯಾರ ಜೊತೆ ಮಾತಾಡುತ್ತೀರಿ? ಇನ್ನು ಸಮ್ಮನ್ ಮಂತ್ರ ಉಳಿಯುವುದು ಹಾಕಿದವನ ಲೆವೆಲ್‌ಗೆ ಒಂದು ಸುತ್ತು, ಒಂದು ಸುತ್ತು ಆರು ಸೆಕೆಂಡ್. 5ನೇ ಲೆವೆಲ್ ವಿಜರ್ಡ್ ಕರೆಸಿದರೆ ಅರ್ಧ ನಿಮಿಷ. ನಮ್ಮ ಗೆಳೆಯ ಮೊಬೈಲ್‌ನಲ್ಲಿ ಮೂವತ್ತು ಸೆಕೆಂಡ್ ಟೈಮರ್ ಇಟ್ಟು ಆ ಮಾತುಕತೆ ಆಡಿದ. ಇಪ್ಪತ್ತೆಂಟಕ್ಕೆ ಮುಗಿಸಿದ. ನಮ್ಮ ಚಾಪೆಯ ಮೇಲೆ ಆದ ಒಳ್ಳೆಯ ದೃಶ್ಯಗಳಲ್ಲಿ ಅದೂ ಒಂದು.

ರಾವುತನ ಪ್ರತಿಜ್ಞೆಗೆ ನಾವು ಹೊರಗೆಲ್ಲೂ ಹುಡುಕಲಿಲ್ಲ. ಹಳಗನ್ನಡದಲ್ಲಿ, ಶಾಸನಗಳಲ್ಲಿ ಜೋಳವಾಳಿ ಅನ್ನೋ ಮಾತಿದೆ. ಒಡೆಯನ ಜೋಳ ಉಂಡವನು ಅವನಿಗಾಗಿ ಕಾದಾಡುವ ಋಣ. ವೇಳೆವಾಳಿ ಇನ್ನೂ ಗಟ್ಟಿ, ಒಡೆಯ ಸತ್ತರೆ ತಾನೂ ಪ್ರಾಣ ಬಿಡುವ ಭಾಷೆ. ಹಳೇಬೀಡಿನ ಗರುಡ ಕಂಬ ಅಂಥವರ ನೆನಪೇ. ವೇಳೆವಾಳಿ ಆಟಕ್ಕೆ ಜಾಸ್ತಿ ಆಯಿತು ಅಂತ ಬಿಟ್ಟೆವು. ಜೋಳವಾಳಿ ಇಟ್ಟುಕೊಂಡೆವು. ಒಡೆಯನ ಮನೆಯಲ್ಲಿ ಊಟ ಮಾಡಬೇಕು, ಎಲ್ಲರ ಮುಂದೆ ಭಾಷೆ ಕೊಡಬೇಕು. ಮುರಿದರೆ ಪ್ರಾಯಶ್ಚಿತ್ತ ಆಗುವವರೆಗೆ ರಾವುತನ ಲೆವೆಲ್ ಏರುವುದಿಲ್ಲ.

ಮೊದಲ ರಾವುತನಾದವಳು ನಮ್ಮ ಗುಂಪಿನ ಅತಿ ಕಿರಿಯಳು. ಅವತ್ತು ಬೆಳಿಗ್ಗೆ ಒಗ್ಗಾಣಿ ಮಿರ್ಚಿ ತಿಂದಾಗಿತ್ತು, ಆದರೂ ದೃಶ್ಯಕ್ಕೆ ಅಂತ ಅಡುಗೆಮನೆಯಿಂದ ಒಂದು ಖಡಕ್ ಜೋಳದ ರೊಟ್ಟಿ ತಂದಳು. ನಾನು ಒಡೆಯನ ದನಿಯಲ್ಲಿ, "ಯಾರ ಜೋಳ ಉಂಡೀಯವ್ವ?" ಅಂದೆ. ಅವಳು ರೊಟ್ಟಿ ಮುರಿದಳು. ಚೂರು ಫ್ಲೆಕ್ಸ್ ಮೇಲೆಲ್ಲ ಚೆಲ್ಲಿತು. "ನಿಮ್ದು," ಅಂದಳು. ಮಹಡಿಯಲ್ಲಿ ಯಾರೂ ನಗಲಿಲ್ಲ.

ಆಮೇಲೆ ಶೀಟಿನಲ್ಲಿ ಫೈಟರ್ 5 ಪಕ್ಕ ರಾವುತ 1 ಅಂತ ಬರೆದು, ಹಿಟ್ ಪಾಯಿಂಟ್‌ಗೆ ಹತ್ತು ಮುಖದ ದಾಳ ಉರುಳಿಸಿದಳು. ಅದು ಕಿನ್ನಾಳದ ಕುದುರೆಯ ಕಾಲಿಗೆ ಬಡಿದು ನಿಂತಿತು. ಒಂದು ಬಿದ್ದಿತ್ತು. ಕುದುರೆಗೆ ತಾಗಿದ್ದು ಲೆಕ್ಕಕ್ಕಿಲ್ಲ, ಮತ್ತೆ ಉರುಳಿಸುತ್ತೇನೆ ಅಂತ ಇವತ್ತಿಗೂ ವಾದ ನಡೆದಿದೆ.